ಬಲೆಮನೆಯ ಮರದಡಿ ಎರಡು ಮಣ್ಣೆತ್ತು

ಆ ದಿನ ಮಾಡಿದ ಕೆಲಸಗಳು, ನನ್ನ ಹಳೆಯ ಡೈರಿಯಲ್ಲಿ ಇರುವ ಹಾಗೆಯೇ: ಐದಕ್ಕೆ ಎದ್ದು ನೀರು ತುಂಬಿಸಿದ್ದು. ಕುಚ್ಚಲಕ್ಕಿ ತೊಳೆದು ಒಲೆಗಿಟ್ಟದ್ದು. ಮಳೆಯಿಂದ ಒಣಗದೆ ಮುಗ್ಗಲು ವಾಸನೆ ಹಿಡಿದ ಬೆಡ್‌ಶೀಟನ್ನು ಎರಡನೇ ಸಲ ಒಗೆದದ್ದು. ಮಗಳ ಡಬ್ಬಿಗೆ ಚಪಾತಿ, ಬಟಾಟೆ ಪಲ್ಯ. ಹೋಟೆಲಿಗೆ ರಜೆ ಇದ್ದ ಕಾರಣ ಯಜಮಾನರನ್ನು ಎಬ್ಬಿಸದೆ ಬಿಟ್ಟದ್ದು. ಗ್ಯಾಸಿಗೆ ನಂಬರು ಹಚ್ಚಿದ್ದು. ತುಳಸಿಗೆ ನೀರು ಹಾಕದ್ದು, ಮಳೆಯೇ ಹಾಕಿತ್ತು. ಒಂಬತ್ತೂವರೆಗೆ ನರ್ಸರಿಯ ಬೀಗ ತೆಗೆದದ್ದು. ಬಲೆಮನೆ ನೋಡಿದ್ದು.

ಅಲ್ಲಿಗೆ ಸಾಲು ನಿಂತಿದೆ. ಬಲೆಮನೆಯಲ್ಲಿ ಏನು ನೋಡಿದೆ ಎಂದು ಡೈರಿಯಲ್ಲಿಲ್ಲ. ಬರೆಯಲು ಮರೆತದ್ದಲ್ಲ, ಅದು ಒಂದು ಸಾಲಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ಎರಡು ಸಾವಿರದ ಹತ್ತರ ನಂತರದ ವರ್ಷಗಳ ಮಾತು. ನಾವು ಪನ್ವೇಲ್ ಹತ್ತಿರದ ಕಾಮೋಠೆಗೆ ಬಂದು ಆಗಲೇ ಹಲವು ವರ್ಷವಾಗಿತ್ತು. ಯಜಮಾನರು ವಾಶಿಯ ಒಂದು ಹೋಟೆಲಿನಲ್ಲಿ ಕೌಂಟರಿಗೆ ಕೂರುತ್ತಿದ್ದರು. ಮಗಳು ದೊಡ್ಡವಳಾದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ, ಹತ್ತಿರದ ನರ್ಸರಿಯಲ್ಲಿ ಗಿಡಗಳ ಲೆಕ್ಕ, ಕಾಗದ ಪತ್ರ ನೋಡುವ ಕೆಲಸಕ್ಕೆ ನಾನು ಸೇರಿಕೊಂಡಿದ್ದೆ. ಹೈಟೆನ್ಶನ್ ತಂತಿಗಳ ಕೆಳಗೆ ಕಟ್ಟಡ ಕಟ್ಟುವ ಹಾಗಿಲ್ಲ. ಆ ಉದ್ದನೆಯ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ನರ್ಸರಿಗಳಿದ್ದವು. ನಮ್ಮದು ಕೊನೆಯದು. ಅದರ ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಇಲ್ಲಿಯ ಮೂಲದ ಮರಾಠಿಯವರು, ಅರವತ್ತು ದಾಟಿದವರು. ಅವರ ಅಪ್ಪನ ಗದ್ದೆ ಹೊಸ ನಗರಕ್ಕೆ ಹೋಗಿತ್ತು. ಗದ್ದೆಯ ಬದುವಿನಲ್ಲಿ ಇದ್ದ ಅಜ್ಜನ ಕಾಲದ ಮಾವಿನಮರ ರಸ್ತೆಗೆ ಹೋಗಿತ್ತು. ಆ ಮರ ಎಲ್ಲಿತ್ತೆಂದು ಅವರು ನನಗೊಮ್ಮೆ ತೋರಿಸಿದ್ದರು. ಅಲ್ಲಿ ಈಗ ರಿಕ್ಷಾ ಸ್ಟ್ಯಾಂಡ್. ಈ ಪಟ್ಟಿಯೂ ಅವರದಲ್ಲ, ಬಿಡು ಎಂದ ದಿನ ಬಿಡಬೇಕಾದದ್ದು.

ಹಾಗಿದ್ದವರಿಗೆ ಬೋನ್ಸಾಯ್ ಮರದ ಹುಚ್ಚು ಹಿಡಿದದ್ದು ಯಾಕೆಂದು ನಾನು ಬಹಳ ದಿನ ಕೇಳಲಿಲ್ಲ. ನಮ್ಮಲ್ಲೇ ಆಲ, ಗೋಳಿ, ಬೋಗನ್‌ವಿಲ್ಲಾಗಳನ್ನು ಕುಂಡದಲ್ಲಿ ಕುಳ್ಳಗೆ ಬೆಳೆಸಿ ಮಾರುತ್ತಿದ್ದರು. ಕಾಕಾರಿಗೆ ಬೇಕಾಗಿದ್ದದ್ದು ಒಂದು ಹಳೆಯ ಜುನಿಪರ್, ಚಳಿ ಸೀಮೆಯ ನಿತ್ಯಹಸಿರಿನ ಮರ, ಹೊರದೇಶದಿಂದ. ತಾವು ಹುಟ್ಟುವ ಮೊದಲಿನಿಂದ ಯಾರೋ ಸಾಕಿಕೊಂಡು ಬಂದದ್ದು. ಕೊನೆಗೊಮ್ಮೆ ಕೇಳಿದಾಗ ಕುಂಡವೊಂದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ ಅವರು ಹೇಳಿದ್ದು ಇಷ್ಟೇ: “ನನಗಿಂತ ಹಳೆಯ ಮರ ಒಂದು ಇರಬೇಕು. ಎದ್ದು ಹೋಗು ಅಂದರೆ ಹೀಗೆ ಎತ್ತಿಕೊಂಡು ಹೋಗುವಂತಿರಬೇಕು.”

ಮರ ತರಿಸುವುದೆಂದರೆ ಸೀರೆ ತರಿಸಿದ ಹಾಗಲ್ಲ ಎಂದು ನನಗೆ ಆಗ ತಿಳಿದದ್ದು. ಮೊದಲು ಇಲ್ಲಿಯ ಪರವಾನಗಿ ಬೇಕು. ಅದು ಬಂದ ಮೇಲೆ ಆ ದೇಶದವರು ಮರವನ್ನು ನೋಡಿ, ಹುಳವಿಲ್ಲ, ರೋಗವಿಲ್ಲ ಎಂದು ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಬೇರಿನಲ್ಲಿ ಒಂದು ಚೂರೂ ಮಣ್ಣಿರಬಾರದು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಏನೇನೋ ಇರುತ್ತವೆ, ಅವು ಇಲ್ಲಿಗೆ ಬಂದರೆ ನಮ್ಮ ಗಿಡಮರಗಳಿಗೆ ಕೇಡು. ಹಾಗಾಗಿ ಎಂಬತ್ತು ವರ್ಷ ಮಣ್ಣಿನಲ್ಲಿ ನಿಂತ ಬೇರನ್ನು ತೊಳೆದು ತೊಳೆದು ಬೋಳು ಮಾಡಿ, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಬಿದಿರಿನ ಕಡ್ಡಿಗಳ ನಡುವೆ ಬಿಗಿದು ವಿಮಾನಕ್ಕೆ ಹಾಕುತ್ತಾರೆ. ಬಂದ ಮೇಲೆ ಒಂದೂವರೆ ತಿಂಗಳು ಬಲೆಮನೆಯಲ್ಲಿ, ಎಂದರೆ ಬಲೆ ಹೊದೆಸಿದ ಕೋಣೆಯಲ್ಲಿ, ಬೇರೆ ಗಿಡಗಳಿಂದ ದೂರ ಇಡಬೇಕು. ದಿನಾ ಅದರ ಸಮಾಚಾರ ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಗೆ ಗಿಡಗಳ ತಪಾಸಣೆಯ ಸರಕಾರಿ ಸಾಹೇಬರು ಬಂದು ನೋಡಿ ಬಿಡುಗಡೆ ಬರೆಯಬೇಕು, ಇಲ್ಲವೇ ಸುಡಿ ಎನ್ನಬೇಕು.

ಅಷ್ಟೆಲ್ಲ ಓಡಾಡಿ ಎರಡು ವರ್ಷ ಮೊದಲು ತರಿಸಿದ ಮರವನ್ನು ವಿಮಾನ ನಿಲ್ದಾಣದಲ್ಲೇ ಸುಟ್ಟಿದ್ದರು. ಎರಡು ಬೇರುಗಳ ಸಂದಿನಲ್ಲಿ ಕಡಲೆಬೀಜದಷ್ಟು ಮಣ್ಣು ಸಿಕ್ಕಿತ್ತಂತೆ. ಕಾಕಾ ಖಾಲಿ ಕೈಯಲ್ಲಿ ಬಂದು, ಅದಕ್ಕೆಂದು ತೊಳೆದಿಟ್ಟಿದ್ದ ಕುಂಡವನ್ನು ಕವುಚಿ ಹಾಕಿ ಅದರ ಮೇಲೆಯೇ ಕೂತರು. ಎರಡನೇ ಮರಕ್ಕೆ ಮತ್ತೆ ಅರ್ಜಿ ಬರೆಯುವಾಗ, ಇದೂ ಹೋದರೆ ಇನ್ನು ಕೇಳುವುದಿಲ್ಲ ಎಂದು ನನ್ನ ಹತ್ತಿರ ಹೇಳಿದರು. ಹೇಳಿದಂತೆ ನಡೆಯುವ ಮನುಷ್ಯ.

ಎರಡನೆಯದು ಮೇ ತಿಂಗಳ ಬಿಸಿಲಿನಲ್ಲಿ ಬಂತು. ಐದು ದಿನ ಪೆಟ್ಟಿಗೆಯೊಳಗೇ ಇತ್ತು. ಬಿಚ್ಚಿದಾಗ ನಾನು ಜೊತೆಗಿದ್ದೆ. ಹೆಚ್ಚೆಂದರೆ ಒಂದೂವರೆ ಅಡಿ ಎತ್ತರ. ಕಾಂಡದ ಮುಕ್ಕಾಲು ಪಾಲು ಸತ್ತು, ಒಣಗಿ, ಎಲುಬಿನಂತೆ ಬೆಳ್ಳಗಾಗಿತ್ತು. ಆ ಬಿಳಿಯ ಮೈಯನ್ನು ಸುತ್ತಿಕೊಂಡು ಬೆರಳಗಲದ ಒಂದು ಕೆಂಪು ತೊಗಟೆ ಬೇರಿನಿಂದ ಮೇಲೆ ಹತ್ತಿತ್ತು. ಜೀವ ಇದ್ದದ್ದು ಅಷ್ಟರಲ್ಲೇ. ಮೇಲಿನ ಹಸಿರೆಲ್ಲ ಆ ಒಂದು ಪಟ್ಟಿಯಿಂದ ಉಣ್ಣುತ್ತಿತ್ತು. ಕೊಂಬೆಗಳ ಮೇಲೆ ಅಲ್ಲಲ್ಲಿ ತಂತಿ ಸುತ್ತಿ ಬಿಚ್ಚಿದ ಗುರುತು. ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಎಷ್ಟು ಜನ, ಎಷ್ಟು ಬೆಳಗು ಇದರ ಮುಂದೆ ಕೂತಿದ್ದರೋ. ಕಾಂಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ನಮಗೆ ಓದಲಾಗದ ಲಿಪಿಯಲ್ಲಿ ಕೈಬರಹದ ಎರಡು ಸಾಲಿದ್ದವು. ನಾನದನ್ನು ರಿಜಿಸ್ಟರಿನ ಒಳಗಿಟ್ಟೆ. ಅದನ್ನು ಬರೆದವರ ಕೈ ಬರೆಯುವಾಗ ನಡುಗಿತ್ತೆಂದು ಮಾತ್ರ ನೋಡಿದರೆ ತಿಳಿಯುತ್ತಿತ್ತು.

ನರ್ಸರಿಯಲ್ಲಿ ನೀರು ಹಾಕುವ ಕೆಲಸಕ್ಕಿದ್ದದ್ದು ವಿಜಯಪುರ ಕಡೆಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಗಂಡ, ಮಗ ಇಬ್ಬರೂ ತುರ್ಭೆಯಲ್ಲಿ ಗೋದಾಮಿನ ಹಮಾಲಿ. ನನ್ನ ಕರಾವಳಿಯ ಕನ್ನಡಕ್ಕೆ ಅವರು ನಗುವುದು, ಅವರದಕ್ಕೆ ನಾನು ನಗುವುದು ನಮ್ಮಿಬ್ಬರ ದಿನದ ಚಹಾದ ಜೊತೆಗಿನ ತಿಂಡಿಯಾಗಿತ್ತು. ಅವರು ಮರವನ್ನು ಸುತ್ತು ಬಂದು ನೋಡಿದರು.

“ಇಷ್ಟ ದೂರದಿಂದ ಇದನ್ನ ತರಸ್ಯಾರೇನು? ಅರ್ಧಾ ಸತ್ತೈತಲ್ಲ ಬಾಯಾರ. ನಮ್ಮೂರಾಗ ಇಂಥಾದ್ದು ಒಲಿಗೆ ಹಾಕತೀವಿ.”

ಅಕ್ಕ ಏನಂದರು ಎಂದು ಕನ್ನಡ ಬಾರದ ಕಾಕಾ ಕೇಳಿದಾಗ, ಬಹಳ ಚೆಂದ ಉಂಟೆಂದು ಹೇಳಿದರು ಎಂದೆ.

ಕುದಿಯುವ ನೀರಿನಲ್ಲಿ ತೊಳೆದ ಇಟ್ಟಿಗೆ ಚೂರು, ತೆಂಗಿನ ನಾರಿನ ಪುಡಿ ಬೆರೆಸಿ ಅದರಲ್ಲಿ ಮರವನ್ನು ಕೂರಿಸಿ ಬಲೆಮನೆಗೆ ಒಯ್ದೆವು. ಆಮೇಲೆ ಕಾಯುವುದು. ಜುನಿಪರ್ ಮರದ ಒಂದು ಗುಣ ಉಂಟು, ಅದು ಸತ್ತರೂ ಕೂಡಲೇ ಹೇಳುವುದಿಲ್ಲ. ಬೇರು ಸತ್ತು ಹೋದ ಮೇಲೂ ಒಂದು ತಿಂಗಳು, ಒಂದೂವರೆ ತಿಂಗಳು ಹಸಿರಾಗಿಯೇ ನಿಂತಿರುತ್ತದೆ. ನಾವು ದಿನಾ ನೋಡುತ್ತಿದ್ದದ್ದು ಬದುಕಿದ ಮರವನ್ನೋ ಸತ್ತ ಮರವನ್ನೋ ನಮಗೆ ಗೊತ್ತಿರಲಿಲ್ಲ. ಕಾಕಾ ಬೆಳಿಗ್ಗೆ ಬಂದು ಒಂದು ಎಸಳನ್ನು ಬೆರಳಲ್ಲಿ ಮುಟ್ಟಿ ನೋಡಿ ಹೊರಡುವರು. ನಾನು ಬರೆಯುತ್ತಿದ್ದೆ: ಹಸಿರು. ನೀರು ಎರಡು ಸಲ. ಹುಳ ಇಲ್ಲ. ಹೊಸ ಚಿಗುರು ಇಲ್ಲ. ಮರುದಿನವೂ ಅದೇ. ಹೊಸ ಚಿಗುರು ಇಲ್ಲ ಎಂದು ಮೂವತ್ತನಾಲ್ಕು ದಿನ ಬರೆದೆ.

ಆಮೇಲೆ ಡೊಂಬಿವಲಿಯಲ್ಲಿರುವ ನನ್ನ ತಂಗಿಗೆ ಹೊಟ್ಟೆಯ ಆಪರೇಶನ್ ಆಯಿತು. ಅವಳ ಮಕ್ಕಳಿಗೆ ಬೇಯಿಸಿ ಹಾಕಲು ಎಂಟು ದಿನ ಅಲ್ಲಿಯೇ ಉಳಿಯಬೇಕಾಯಿತು. ಹೊರಡುವ ಮುಂಚೆ ಬಲೆಮನೆಯನ್ನು ಅಕ್ಕನಿಗೆ ಒಪ್ಪಿಸಿ, ನೀರು ಹಾಕಿದಾಗಲೆಲ್ಲ ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆಯಿರಿ, ಉಳಿದದ್ದು ನಾನು ಬಂದು ಬರೆಯುತ್ತೇನೆ ಎಂದಿದ್ದೆ. ಅವರಿಗೆ ಅಕ್ಷರ ಬಾರದು. ಚಿಗುರು ಕಾಣದ ಮರವನ್ನು ನೋಡಲಾರದೆ ಕಾಕಾ ಆ ಹೊತ್ತಿಗೆ ಬಲೆಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಸಾಹೇಬರು ಬರುವ ಹಿಂದಿನ ಸಂಜೆ ದಿವಾದಲ್ಲಿ ಗಾಡಿ ಬದಲಿಸಿ ಪನ್ವೇಲ್ ದಾರಿಯಾಗಿ ಮನೆ ಸೇರಿದೆ. ಮರುದಿನ ಬೆಳಿಗ್ಗೆ ಕಾಕಾ ಸಾಹೇಬರನ್ನು ಕರೆತರಲು ಸ್ಟೇಶನ್ನಿಗೆ ಹೋದರು. ನಾನು ಬೀಗ ತೆಗೆದು, ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ, ಬಲೆಯ ಎರಡನೇ ಬಾಗಿಲು ಸರಿಸಿದೆ.

ಮರದಡಿ ಎರಡು ಎತ್ತುಗಳು ನಿಂತಿದ್ದವು.

ಕರಿಮಣ್ಣಿನ ಎತ್ತುಗಳು. ಒಂದೊಂದೂ ಹೆಬ್ಬೆರಳ ತುದಿಯಷ್ಟು. ಕೋಡು, ಡುಬ್ಬ, ಕುತ್ತಿಗೆಗೆ ಕೆಂಪು ದಾರ. ಎಡಗಡೆಯದು ನೀರಿಗೆ ಕರಗಿ, ಮೊಣಕಾಲೂರಿ ಮಲಗಿದ ಹಾಗಾಗಿತ್ತು. ಬಲಗಡೆಯದು ಇನ್ನೂ ನಿಂತೇ ಇತ್ತು.

ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೇರೆಯೇ. ಇಷ್ಟು ದಿನ ನಾನು ನೋಡುತ್ತಿದ್ದದ್ದು ಕುಂಡದೊಳಗಿನ ಒಂದೂವರೆ ಅಡಿಯ ಗಿಡ. ಆ ಎತ್ತುಗಳು ಅಲ್ಲಿ ನಿಂತ ಕೂಡಲೇ ಅದು ಅರವತ್ತು ಅಡಿಯ ಮರವಾಗಿತ್ತು. ಅದಕ್ಕೊಂದು ನೆರಳಿತ್ತು. ನೆರಳಿನಲ್ಲಿ ಉತ್ತು ಬಂದು ದಣಿದ ಜೋಡಿ ಎತ್ತು, ಅವುಗಳ ಸುತ್ತ ಕಾಣದ ಒಂದು ಬಯಲು. ಬಿಳಿಯ ಕಾಂಡ ಗೋಪುರದ ಎತ್ತರಕ್ಕೆ ಏರಿ ಹೋಗಿತ್ತು. ನಾನು ಎತ್ತಿನ ಕಾಲಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೇನೆ ಅನ್ನಿಸಿತು. ಕುತ್ತಿಗೆ ನಿಜವಾಗಿಯೂ ಹಿಂದಕ್ಕೆ ಬಾಗಿತ್ತೆಂದು ನೆನಪು. ಆ ದೇಶದ ಹಿರಿಯರು ಇದನ್ನು ಯಾಕೆ ಹೀಗೆ ಚಿಕ್ಕದಾಗಿ ಬೆಳೆಸಿದರೆಂದು ನನಗೆ ಆ ಒಂದು ಕ್ಷಣದಲ್ಲಿ ತಿಳಿಯಿತು, ಪುಸ್ತಕ ಓದಿದ್ದರೆ ತಿಳಿಯುತ್ತಿರಲಿಲ್ಲ. ಅವರು ಮರವನ್ನು ಕುಗ್ಗಿಸಿದ್ದಲ್ಲ. ನೋಡುವವರನ್ನು ಕುಗ್ಗಿಸಿದ್ದು.

ಆಮೇಲೆ ಮಣ್ಣು ನೆನಪಾಯಿತು.

ಅಕ್ಕನನ್ನು ಕರೆದೆ. ಆಗಷ್ಟೇ ಬಂದು ಮಾಡಿನಡಿಯ ಕುಂಡಗಳಿಗೆ ನೀರು ಹಾಕುತ್ತಿದ್ದ ಅವರು ಪೈಪು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಗುತ್ತಲೇ ಬಂದರು. ನಡುವೆ ಮಣ್ಣೆತ್ತಿನ ಅಮಾವಾಸ್ಯೆ ಹೋಗಿತ್ತು. ಅವರ ಕಡೆ ಅಂದು ಹೊಲದ ಮಣ್ಣಿನಿಂದ ಎತ್ತು ಮಾಡಿ, ಪೂಜೆ ಮಾಡಿ, ಆಮೇಲೆ ಅವನ್ನು ಬಾವಿಗೋ ಹೊಲಕ್ಕೋ ಬಿಡುವುದು ಕ್ರಮ. ಇಲ್ಲಿಯ ಕಲ್ಲುಚೂರಿನ ಮುರುಮು ಮಣ್ಣು ಎತ್ತಾಗುವುದಿಲ್ಲ, ಕೋಡು ಹಿಡಿಯುವಾಗಲೇ ಬಿರಿಯುತ್ತದೆ. ಹಾಗಾಗಿ ಊರಿಗೆ ಹೋದವರ ಕೈಯಲ್ಲಿ ಬಟ್ಟೆಗಂಟಿನಲ್ಲಿ ಕರಿಮಣ್ಣು ತರಿಸಿಟ್ಟುಕೊಳ್ಳುತ್ತಾರಂತೆ.

“ಎಂತ ಅಕ್ಕ ಇದು?” ಎಂದೆ. “ಒಂದು ಕಡಲೆಬೀಜದಷ್ಟು ಮಣ್ಣಿಗೆ ಆ ಮರವನ್ನು ಸುಟ್ಟದ್ದು ನಿಮಗೆ ಗೊತ್ತುಂಟಲ್ಲ?”

“ಅದು ಪರದೇಶದ ಮಣ್ಣರಿ. ಇದು ನಮ್ಮ ಹೊಲದ್ದು. ನಮ್ಮ ಮಣ್ಣಿಗೆ ಏನ ರೋಗ ಐತಿ?” ಎಂದರು. ನನ್ನ ಮುಖ ನೋಡಿ ನಗು ನಿಂತಿತು. ಆಮೇಲೆ ಮೆಲ್ಲಗೆ, “ತುರ್ಭೆದಾಗ ಬಾವಿ ಇಲ್ಲ, ಹೊಲಾ ಇಲ್ಲ. ಪೂಜಿ ಮಾಡಿದ ಎತ್ತ ಗಟಾರಕ್ಕ ಹಾಕಲೇನು ಬಾಯಾರ? ಈ ಗಿಡಾ ನೋಡಿದ್ರ, ಬರಿಗಾಲ್ಲೆ ನಿಂತಂಗ ಕಾಣತಿತ್ತು. ಅದಕ ನೆಲಾನ ಇಲ್ಲಲ್ಲ.”

ರಿಜಿಸ್ಟರ್ ತೆರೆದೆ. ಎಂಟು ದಿನಕ್ಕೆ ಎರಡೆರಡು ಗೆರೆ, ಒಂದೂ ತಪ್ಪಿರಲಿಲ್ಲ. ಅಮಾವಾಸ್ಯೆಯ ದಿನದ ಎರಡು ಗೆರೆಗಳ ಮೇಲೆ ಅವರು ಪುಟ್ಟ ಕೋಡುಗಳನ್ನು ಬರೆದಿದ್ದರು. ಮುಚ್ಚಿಡಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ನನಗೆ ಹೊಳೆದಿತ್ತು. ಕಾಕಾ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಒಂದು ಚಮಚದಿಂದ ಕರಿಮಣ್ಣನ್ನು ಕೆರೆದು ತೆಗೆದು, ಮೇಲೆ ಇಟ್ಟಿಗೆ ಚೂರು ಹರಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಒಳಗೆ ಹೋಗಿ ಚಮಚವನ್ನೂ ತಂದೆ. ಮತ್ತೆ ಮೊದಲ ಪುಟಗಳು ಕಣ್ಣಿಗೆ ಬಿದ್ದವು. ಹೊಸ ಚಿಗುರು ಇಲ್ಲ, ಹೊಸ ಚಿಗುರು ಇಲ್ಲ. ಮೂವತ್ತನಾಲ್ಕು ದಿನ ಬರೆಯಲು ಇಷ್ಟವಿಲ್ಲದ್ದನ್ನೇ ಬರೆದಿದ್ದೆ. ಇವತ್ತಿನ ಒಂದು ಸಾಲು ಸುಳ್ಳಾದರೆ ಅದಕ್ಕೆಲ್ಲ ಏನರ್ಥ? ಅದೂ ಅಲ್ಲದೆ, ಅಕ್ಷರ ಬಾರದ ಹೆಂಗಸು ನಿಜ ಬರೆದಿಟ್ಟ ಪುಟದ ಕೆಳಗೆ ಅಕ್ಷರ ಕಲಿತ ನಾನು ಬೇರೆ ಬರೆಯುವುದು ಹೇಗೆ? ಪೆನ್ನು ತೆಗೆದುಕೊಂಡು ಬರೆದೆ: ಮಣ್ಣಿನ ಎತ್ತು ಎರಡು, ಪೂಜೆಯದ್ದು, ವಿಜಯಪುರ ಕಡೆಯ ಹೊಲದ ಮಣ್ಣು, ಅಮಾವಾಸ್ಯೆಯಿಂದ ಮರದ ಬುಡದಲ್ಲಿ ಇವೆ.

ಕಾಕಾ ಮೊದಲು ಒಳಗೆ ಬಂದರು. ನೋಡಿದರು. ಹೊರಗೆ ಹೋಗಿ ಕವುಚಿಟ್ಟ ಕುಂಡದ ಮೇಲೆ ಕೂತುಬಿಟ್ಟರು, ಎರಡು ವರ್ಷ ಹಿಂದೆ ಕೂತ ಹಾಗೆಯೇ. ಅಕ್ಕನಿಗೆ ಆಗ ಪೂರ್ತಿ ಅರ್ಥವಾಯಿತು. ಪೈಪಿನ ನೀರು ಸುರಿಯುತ್ತಲೇ ಇತ್ತು, ಯಾರೂ ನಿಲ್ಲಿಸಲಿಲ್ಲ.

ಸಾಹೇಬರು ಮಳೆಗೆ ಪ್ಯಾಂಟು ಮಡಚಿಕೊಂಡು, ಕೊಡೆ ಹೊರಗೆ ನೀರಿಳಿಯಲು ಇಟ್ಟು ಬಂದರು. ಮೊದಲು ಮರವನ್ನಲ್ಲ, ರಿಜಿಸ್ಟರನ್ನೇ ನೋಡುವ ಕ್ರಮ ಅವರದು. ನಿಧಾನವಾಗಿ ಪುಟ ತಿರುವಿದರು. ಕೋಡಿನ ಗೆರೆಗಳ ಹತ್ತಿರ ಬೆರಳಿಟ್ಟು ಇದು ಯಾರು ಬರೆದದ್ದೆಂದು ಕೇಳಿದರು. ನಾನು ಅಕ್ಕನನ್ನು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದೆ. ಅವರು ಗದರಿಸಲಿಲ್ಲ, ನಗಲೂ ಇಲ್ಲ. ಮರದ ಮುಂದೆ ಮೊಣಕಾಲೂರಿ ಕೂತರು. ಬಹಳ ಹೊತ್ತು ಹಾಗೇ ಕೂತಿದ್ದರು. ಅವರ ಕುತ್ತಿಗೆ ಕೂಡ ಸ್ವಲ್ಪ ಹಿಂದಕ್ಕೆ ಬಾಗಿದ್ದನ್ನು ನಾನು ನೋಡಿದೆ.

ನನ್ನ ಕೈಯಲ್ಲಿದ್ದ ಚಮಚವನ್ನು ಕೇಳಿ ತೆಗೆದುಕೊಂಡು, ಕರಗಿ ಮಲಗಿದ್ದ ಎತ್ತನ್ನು ಅವರು ಅಡಿಯಿಂದ ಮೆಲ್ಲಗೆ ಎತ್ತಿದರು. ಅಂಟಿದ ಮಣ್ಣು ಒಂದು ಬಿಲ್ಲೆಯಾಗಿ ಎದ್ದು ಬಂತು. ಅದರ ಅಡಿಯ ಒದ್ದೆಯಲ್ಲಿ ಏನೋ ಬೆಳ್ಳಗೆ ಕಂಡಿತು. ಹುಳ ಎಂದುಕೊಂಡೆ. ಸಾಹೇಬರು ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕಾಕಾರನ್ನು ಕರೆದು, ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು. ಕಾಕಾ ನೋಡಿದರು. ನನಗೆ ಕೊಟ್ಟರು.

ಬೇರಿನ ತುದಿಗಳು. ಮೂರು. ಅಕ್ಕಿಯ ನುಚ್ಚಿನಷ್ಟು, ಅಷ್ಟು ಬೆಳ್ಳಗೆ. ಸಮುದ್ರ ದಾಟಿ ಬಂದು, ಪೆಟ್ಟಿಗೆಯ ಕತ್ತಲಲ್ಲಿ ಐದು ದಿನ ಇದ್ದು, ನಮ್ಮ ಸೆಖೆಯಲ್ಲಿ ಒಂದೂವರೆ ತಿಂಗಳು ಬದುಕಿದೆಯೋ ಇಲ್ಲವೋ ಹೇಳದೆ ನಿಂತಿದ್ದ ಮುದಿಮರ, ನಾವೆಲ್ಲ ಮೇಲೆ ಚಿಗುರು ಹುಡುಕುತ್ತಿದ್ದಾಗ ಕೆಳಗೆ ಸದ್ದಿಲ್ಲದೆ ಹೊಸ ಬೇರು ಬಿಟ್ಟಿತ್ತು. ಎಂಬತ್ತು ವರ್ಷದ ದೇಹದಲ್ಲಿ ನಿನ್ನೆ ಹುಟ್ಟಿದ ಬೇರು. ಭೂತಗನ್ನಡಿಯನ್ನು ಅಕ್ಕನಿಗೆ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ ನೋಡಿದರು.

“ಹಾಲಹಲ್ಲು ಬಂದಂಗ ಬಂದಾವಲ್ರಿ,” ಎಂದರು.

ಅಕ್ಕ ಏನಂದರು ಎಂದು ಕಾಕಾ ಕೇಳಿದರು. ಈ ಸಲ ನಾನು ಇದ್ದದ್ದನ್ನೇ ಮರಾಠಿಯಲ್ಲಿ ಹೇಳಿದೆ. ಅವರು ಬಲೆಯ ಕಡೆ ಮುಖ ತಿರುಗಿಸಿ ನಿಂತರು. ನಮಗಲ್ಲ, ಬಲೆಯ ಆಚೆಗೆ, “ಜಿವಂತ ಆಹೆ,” ಎಂದರು. ಬದುಕಿದೆ.

ಸಾಹೇಬರು ಆಮೇಲೆ ಎಲೆಯ ಅಡಿ, ಕಾಂಡದ ಬಿರುಕು, ಕುಂಡದ ತೂತು, ಒಂದೊಂದನ್ನೂ ನೋಡಿದರು. ಹುಳವಿರಲಿಲ್ಲ. ಸರಕಾರಕ್ಕೆ ಹೆದರಿಕೆ ಇರುವುದು ಅಲ್ಲಿಂದ ಬರುವ ಮಣ್ಣಿನದ್ದು, ಇಲ್ಲಿಯ ಮಣ್ಣು ಇಲ್ಲಿಯೇ ಇದೆ ಎಂದು ಅವರೂ ಒಪ್ಪಿದರು. ಆದರೆ ಬಲೆಮನೆಯೊಳಗೆ ಹೊರಗಿನದ್ದು ಏನೂ ಬರಬಾರದು ಎನ್ನುವುದು ನಿಯಮ, ನಿಯಮ ತಪ್ಪಿದೆ. ಹಾಗಾಗಿ ಆ ದಿನ ಬಿಡುಗಡೆ ಇಲ್ಲ. ಮಣ್ಣನ್ನು ಪೂರ್ತಿ ತೆಗೆದು ಕುದಿಸಬೇಕು, ಇನ್ನೂ ಹದಿನೈದು ದಿನ ಮರ ಒಳಗೇ ಇರಬೇಕು, ಮತ್ತೆ ಬಂದು ನೋಡುತ್ತೇನೆ ಎಂದರು. ಸುಡಿ ಎನ್ನಲಿಲ್ಲ. ಮುಚ್ಚಿಟ್ಟಿದ್ದರೆ, ಆಮೇಲೆ ಮಣ್ಣು ಸಿಕ್ಕಿದ್ದರೆ, ಅದು ಎಲ್ಲಿಯದೆಂದು ಹೇಳುವವರಿಲ್ಲದೆ ಸುಡಲೇಬೇಕಾಗುತ್ತಿತ್ತು ಎಂದಷ್ಟೇ ರಿಜಿಸ್ಟರ್ ಮುಚ್ಚುತ್ತ ಹೇಳಿದರು. ಚಹಾ ಕುಡಿದು, ಒದ್ದೆ ಕೊಡೆ ಬಿಡಿಸಿ ಹೋದರು.

ಅಕ್ಕ ಕರಿಮಣ್ಣನ್ನು ಚಹಾದ ಹಳೆ ಪಾತ್ರೆಯಲ್ಲಿ ಹಾಕಿ ಕುದಿಸಿದರು. ಕುದಿಯುವಾಗ ಮಳೆ ಬಿದ್ದ ಹೊಲದ ವಾಸನೆ ಬಂತು. ಅವರು ಪಾತ್ರೆಯ ಮೇಲೆ ಮುಖವಿಟ್ಟು ನಿಂತದ್ದನ್ನು ಕಂಡು ನಾವು ಯಾರೂ ಕರೆಯಲಿಲ್ಲ. ಕೆಲಸ ಹೋಗುತ್ತದೆಂದು ಅವರು ಮಧ್ಯಾಹ್ನದವರೆಗೂ ಕಾದರು. ಕಾಕಾ ಬಂದು, ಹದಿನೈದು ದಿನ ಕಳೆದ ಮೇಲೆ ಅದೇ ಮಣ್ಣಲ್ಲಿ ಮತ್ತೆ ಎರಡು ಎತ್ತು ಮಾಡಿಕೊಡಲು ಆಗುತ್ತದೆಯೇ ಎಂದು ನನ್ನ ಮೂಲಕ ಕೇಳಿಸಿದರು. ಅವರು ಮಾಡಿಕೊಟ್ಟದ್ದೂ, ಮರ ಬಲೆಯಿಂದ ಹೊರಬಂದ ದಿನ ಕಾಕಾ ಅವನ್ನು ತಮ್ಮ ಕೈಯಿಂದಲೇ ಬುಡದಲ್ಲಿಟ್ಟದ್ದೂ ನಾನು ನೋಡಿದ್ದೇನೆ. ಕೆಲವು ವರ್ಷ ಕಳೆದು ಆ ಪಟ್ಟಿಯನ್ನು ಬಿಡಬೇಕಾಗಿ ಬಂದಾಗ ಉಳಿದದ್ದೆಲ್ಲ ಟೆಂಪೋದಲ್ಲಿ ಹೋಯಿತು. ಆ ಮರ ಮಾತ್ರ ರಿಕ್ಷಾದಲ್ಲಿ, ಕಾಕಾರ ಮಡಿಲಲ್ಲಿ ಕೂತು ಹೋಯಿತು. ಅಕ್ಕ ಆ ವರ್ಷ ಹೊಸದಾಗಿ ಮಾಡಿಕೊಟ್ಟಿದ್ದ ಎತ್ತುಗಳನ್ನು ಅವರು ಶರ್ಟಿನ ಜೇಬಿನಲ್ಲಿ ಹಾಕಿಕೊಂಡಿದ್ದರು.

ಸಾಹೇಬರು ಬಂದ ಆ ದಿನ ಸಂಜೆ ಹೊರಡುವಾಗ ಅಕ್ಕ ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ನನ್ನ ಚೀಲಕ್ಕೆ ಹಾಕಿದರು. ಮಧ್ಯಾಹ್ನ ಅವರಿಗೂ ನನಗೂ ಉಣ್ಣಲು ಮನಸ್ಸಾಗಿರಲಿಲ್ಲ. ಮನೆಗೆ ಬಂದಾಗ ಯಜಮಾನರು ಬೆಳಿಗ್ಗೆಯ ಅನ್ನಕ್ಕೆ ಒಣ ಸಿಗಡಿ ಚಟ್ನಿ ಮಾಡಿಟ್ಟಿದ್ದರು. ಮಗಳು ರೊಟ್ಟಿಯನ್ನು ಮುರಿದು ನೋಡಿ, ಇದು ಭಾಕ್ರಿಯೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿ, ಎರಡು ತಿಂದಳು. ಉಳಿದೆರಡನ್ನು ನಾವಿಬ್ಬರು ಸಿಗಡಿ ಚಟ್ನಿಯ ಜೊತೆ ತಿಂದೆವು, ಅದು ಹೊಂದುವುದಿಲ್ಲ ಎಂದು ಯಜಮಾನರು ಹೇಳುತ್ತಲೇ ಮುಗಿಸಿದರು. ಮೂರು ಬಿಳಿ ತುದಿಗಳ ವಿಷಯ ಹೇಳಬೇಕೆಂದು ನಾನು ಚಾಪೆ ಹಾಸುತ್ತ ಶುರುಮಾಡಿದೆನಂತೆ. ಪೂರ್ತಿ ಹೇಳಲಿಲ್ಲವಂತೆ. ನಮ್ಮ ಮನೆಯಲ್ಲಿ ಯಾವತ್ತೂ ಕೊನೆಗೆ ಮಲಗುವವಳು ನಾನು. ಆ ದಿನ ಮೊದಲು ನಿದ್ದೆ ಹೋದದ್ದು ನಾನೇ.